ಬುಗುರಿಯ ಅಧಿಕೃತ ನಿದ್ರೆ

ಶಿಶುವಿಹಾರಗಳಲ್ಲಿ ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ನಿದ್ರೆ ಜಾರಿಯಲ್ಲಿರತಕ್ಕದ್ದೆಂದು ಶಿಶುನಿದ್ರಾ ಇಲಾಖೆ ಆದೇಶ ಹೊರಡಿಸಿ ಮೂರು ತಿಂಗಳಾಗಿತ್ತು. ಆದೇಶವನ್ನು ಎಲ್ಲ ಮಕ್ಕಳೂ ಶಿರಸಾವಹಿಸಿ ಪಾಲಿಸುತ್ತಿದ್ದರು, ಒಬ್ಬಳನ್ನು ಬಿಟ್ಟು.

ಆ ಒಬ್ಬಳಿಗೆ ನಾಲ್ಕು ವರ್ಷ. ನಿಂತಲ್ಲಿ ನಿಲ್ಲುವ ಪೈಕಿಯಲ್ಲವಾದ್ದರಿಂದ ಮನೆಯಲ್ಲಿ ಬುಗುರಿ ಅನ್ನುತ್ತಿದ್ದರು. ಇಲಾಖೆಯ ಕಡತದಲ್ಲಿ ಅವಳು ಮಗು ಸಂಖ್ಯೆ ಇಪ್ಪತ್ತು. ಉಳಿದ ಹತ್ತೊಂಬತ್ತು ಮಕ್ಕಳು ಚಾಪೆ ಕಂಡದ್ದೇ ತಡ ಉರುಳಿಕೊಳ್ಳುತ್ತಿದ್ದವು. ಬುಗುರಿ ಮಾತ್ರ ಬಾಗಿಲ ಪಕ್ಕದ ಚಾಪೆಯಲ್ಲಿ ಅಂಗಾತ ಬಿದ್ದು ಫ್ಯಾನಿನ ಜೊತೆ ಮಾತಾಡುತ್ತಿದ್ದಳು.

ಇದರಿಂದ ನಿಜವಾಗಿ ನಿದ್ದೆಗೆಟ್ಟವರು ಟೀಚರು. ಐದು ವರ್ಷದಿಂದ ತಾತ್ಕಾಲಿಕವಾಗಿದ್ದ ಅವರ ಕೆಲಸ ಖಾಯಮಾಗಬೇಕಾದರೆ ಶೇಕಡಾ ನೂರು ನಿದ್ರೆ ತೋರಿಸಬೇಕಿತ್ತು. ತೊಂಬತ್ತೈದಾದರೆ ಗಂಟುಮೂಟೆ ಕಟ್ಟಬೇಕಿತ್ತು. ಅವರು ಬೆನ್ನು ತಟ್ಟಿದರು, ಅಂಗಾಲು ನೀವಿದರು, ಆನೆಯ ಕತೆ ಹೇಳಿದರು. ಆನೆ ನದಿ ದಾಟುವಷ್ಟರಲ್ಲಿ ಅವರಿಗೇ ಜೊಂಪು ಹತ್ತಿತು. ಲಾಲಿ ಹಾಡಲು ಬಂದ ಆಯಮ್ಮ ಎರಡನೆಯ ಸಾಲಿಗೇ ಗೊರಕೆ ಹೊಡೆದರು. ಬುಗುರಿ ಎದ್ದು ಇಬ್ಬರಿಗೂ ಹೊದಿಕೆ ಹೊದಿಸಿ, ತನ್ನ ಜಾಗಕ್ಕೆ ಮರಳಿದಳು.

ಸುಳ್ಳು ಬರೆದು ಅಭ್ಯಾಸವಿಲ್ಲದ ಟೀಚರು ವಾರದ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರು. ಇಲಾಖೆಯಿಂದ ಉತ್ತರ ಬಂತು: "ಮಗು ಸಂಖ್ಯೆ ಇಪ್ಪತ್ತು ಎಚ್ಚರವಿರುವುದಕ್ಕೆ ಸೂಕ್ತ ಕಾರಣ ತಿಳಿಸುವುದು. ಕಾರಣವನ್ನು ಮಗುವನ್ನು ಕೇಳದೆ ತಿಳಿಸುವುದು. ಸೋಮವಾರ ತಪಾಸಣೆ ಇರುತ್ತದೆ."

ತಪಾಸಣೆಯ ಹಿಂದಿನ ಶನಿವಾರ ಟೀಚರು ನಿಯಮ ಮುರಿದರು. ಬುಗುರಿಯ ಪಕ್ಕದಲ್ಲಿ ಕುಳಿತು ಅವಳನ್ನೇ ಕೇಳಿಬಿಟ್ಟರು.

"ಸೋಮವಾರ ಸಾಹೇಬ್ರು ಬರ್ತಾರೆ ಕಂದ. ನೀನು ನಿದ್ದೆ ಮಾಡ್ಲಿಲ್ಲ ಅಂದ್ರೆ ನಾನು ಇಲ್ಲಿಂದ ಹೋಗ್ಬೇಕಾಗತ್ತೆ. ಯಾಕಮ್ಮ ಮಲಗಲ್ಲ ನೀನು?"

"ಎಲ್ಲರೂ ಮಲಗಿಬಿಟ್ರೆ, ಅಮ್ಮ ಬಂದಾಗ ಬಾಗಿಲು ಯಾರು ತೆಗೀತಾರೆ ಮಿಸ್?"

ಟೀಚರು ಅವಳ ತಲೆ ನೇವರಿಸಿ ವರದಿಯ ನಮೂನೆ ತೆಗೆದರು. ಆದರೆ ಇಂಥ ಕಾರಣ ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಸೋಮವಾರ ಒಂದೂವರೆಗೆ ಸರಿಯಾಗಿ ತಪಾಸಣಾಧಿಕಾರಿಗಳು ಬಂದರು. ಹಿಂದೆ ಗುಮಾಸ್ತ, ಅವನ ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಹಿತ್ತಾಳೆ ಗಂಟೆ. ಅಧಿಕಾರಿಗಳು ನಿಯಮ ಓದಿದರು: "ನಿದ್ರೆ ವೈಯಕ್ತಿಕ ವಿಚಾರವಾದ್ದರಿಂದ, ನಿದ್ರಿಸುತ್ತಿರುವವರ ಬಾಯಿಹೇಳಿಕೆಯ ಹೊರತು ಬೇರಾವ ಪುರಾವೆಯನ್ನೂ ಪರಿಗಣಿಸತಕ್ಕದ್ದಲ್ಲ."

ಗುಮಾಸ್ತ ಮೊದಲನೆಯ ಮಗುವಿನ ಕಿವಿಯ ಹತ್ತಿರ ಗಂಟೆ ಬಾರಿಸಿದ. ಅಧಿಕಾರಿಗಳು ಬಗ್ಗಿ, ನಿದ್ದೆ ಮಾಡುತ್ತಿದ್ದೀಯಾ ಎಂದು ಪ್ರೀತಿಯಿಂದ ಕೇಳಿದರು. ಮಗು ಎದ್ದು ಕೂತು ಸೂರು ಹಾರುವಂತೆ ಅತ್ತಿತು. ಗುಮಾಸ್ತ "ಎಚ್ಚರ" ಎಂದು ಬರೆದುಕೊಂಡ. ಎರಡನೆಯದು ಅಧಿಕಾರಿಗಳ ಕನ್ನಡಕ ಕಿತ್ತುಕೊಂಡಿತು. ಎಚ್ಚರ. ಆರನೆಯದು ಗಾಬರಿಯಲ್ಲಿ ಗುಮಾಸ್ತನ ಷೂ ಒದ್ದೆ ಮಾಡಿತು. ಅದೂ ಎಚ್ಚರವೇ. ಹತ್ತೊಂಬತ್ತು ಮುಗಿಯುವ ಹೊತ್ತಿಗೆ ಕೋಣೆಯಲ್ಲಿ ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ, ಶೇಕಡಾವಾರು ಸೊನ್ನೆಗಿಳಿದಿತ್ತು. ಟೀಚರು ಗೋಡೆಗೆ ಒರಗಿ, ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದ್ದರು.

ಕೊನೆಗೆ ಬಾಗಿಲ ಪಕ್ಕದ ಚಾಪೆ. ಬುಗುರಿ ಕಣ್ಣು ಪಿಳಿಪಿಳಿ ಬಿಡುತ್ತಾ ಮೊದಲು ಟೀಚರ ಮುಖ ನೋಡಿದಳು, ಆಮೇಲೆ ಅಧಿಕಾರಿಗಳದ್ದು.

"ನಿದ್ದೆ ಮಾಡ್ತಿದೀಯಾ ಪುಟ್ಟಿ?"

"ಹೂಂ. ಜೋರು ನಿದ್ದೆ. ನೀವು ಮಾತಾಡ್ಬೇಡಿ, ಎಚ್ಚರ ಆಗತ್ತೆ."

ಅಧಿಕಾರಿಗಳು ತುಟಿಯ ಮೇಲೆ ಬೆರಳಿಟ್ಟುಕೊಂಡು ತುದಿಗಾಲಲ್ಲಿ ಹಿಂದೆ ಸರಿದರು. ತಮ್ಮ ಸೇವಾವಧಿಯಲ್ಲಿ ಇಷ್ಟು ಸ್ಪಷ್ಟವಾದ ನಿದ್ರೆಯನ್ನು ಕಂಡಿಲ್ಲವೆಂದು ಟೀಚರ ಕಿವಿಯಲ್ಲಿ ಹೇಳಿದರು.

ಹದಿನೈದು ದಿನದಲ್ಲಿ ಹೊಸ ಆದೇಶ ಬಂತು. ಎಲ್ಲ ಮಕ್ಕಳೂ ಇನ್ನು ಮುಂದೆ ಸಂಖ್ಯೆ ಇಪ್ಪತ್ತರ ಮಾದರಿಯಲ್ಲೇ ನಿದ್ರಿಸತಕ್ಕದ್ದು, ತರಬೇತಿಯನ್ನು ಸದರಿ ಮಗುವೇ ಕೊಡತಕ್ಕದ್ದು, ಟೀಚರ ಕೆಲಸದ ತೀರ್ಮಾನ ಮರುತಪಾಸಣೆಯವರೆಗೆ ಕಾಯತಕ್ಕದ್ದು. ಬುಗುರಿ ಬೆಳಿಗ್ಗೆ ಕಲಿಸಿದ್ದನ್ನು ಮಕ್ಕಳು ಮಧ್ಯಾಹ್ನದೊಳಗೆ ಕಲಿತರು. ಅಂದಿನಿಂದ ಒಂದು ಗಂಟೆ ಹೊಡೆಯುತ್ತಲೇ ಇಪ್ಪತ್ತು ಮಕ್ಕಳೂ ಗಾಢ ನಿದ್ರೆಯಲ್ಲಿ ಕುಂಟೆಬಿಲ್ಲೆ ಆಡಿದರು, ಚಾಪೆ ಸುತ್ತಿ ಸುರಂಗ ಮಾಡಿದರು, ಆಯಮ್ಮನ ಬೆನ್ನೇರಿ ಸವಾರಿ ಹೊರಟರು. ಮರುತಪಾಸಣೆಯಲ್ಲಿ ಓಡುತ್ತಲೇ ಹೇಳಿಕೆ ಕೊಟ್ಟರು. ಶೇಕಡಾ ನೂರು. ಟೀಚರ ಕೆಲಸ ಅಲ್ಲೇ ಖಾಯಮಾಯಿತು, ಅವರು ಆದೇಶಪತ್ರವನ್ನು ಎದೆಗವುಚಿಕೊಂಡು ಮಕ್ಕಳ ಸುರಂಗದಲ್ಲಿ ಒಂದು ಸಲ ನುಸುಳಿ ಬಂದರು.

ಅಂದು ನಾಲ್ಕು ಗಂಟೆಗೆ ಅಮ್ಮ ಬಂದಳು. ಬುಗುರಿಯೇ ಬಾಗಿಲು ತೆಗೆದಳು. ತೆಗೆದವಳು ಅಮ್ಮನ ಹೆಗಲೇರಿ ಎರಡು ಹೆಜ್ಜೆ ಹೋಗುವುದರೊಳಗೆ ಕತ್ತು ವಾಲಿಸಿ, ಬಾಯಿ ತೆರೆದು, ಜೊಲ್ಲು ಸುರಿಸತೊಡಗಿದಳು.

ಮರುತಪಾಸಣೆ ಮುಗಿಸಿ ಇನ್ನೂ ಅಂಗಳದಲ್ಲೇ ಇದ್ದ ಅಧಿಕಾರಿಗಳ ಹುಬ್ಬು ಮೇಲೇರಿತು. ಅವೇಳೆಯ ನಿದ್ರೆ ಗಂಭೀರ ಅಪರಾಧ. ತಾಯಿಗೆ ನೋಟಿಸು ಕೊಡಬೇಕಾಗುತ್ತಿತ್ತು. ಆದರೆ ನಿಯಮವೆಂದರೆ ನಿಯಮ. ಅವರು ಬಗ್ಗಿ ಕೇಳಿದರು:

"ನಿದ್ದೆ ಮಾಡ್ತಿದೀಯಾ ಪುಟ್ಟಿ?"

ಗುಮಾಸ್ತ ಗಂಟೆ ಅಲ್ಲಾಡಿಸಿದ. ಸದ್ದು ಬರಲಿಲ್ಲ, ಅದರ ನಾಲಿಗೆಯನ್ನು ಹಿಂದೆಯೇ ಬಂದಿದ್ದ ಟೀಚರು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದರು. ಮಗು ಹೇಳಿಕೆ ಕೊಡಲಿಲ್ಲ.

ಅಧಿಕಾರಿಗಳು ಸಮಾಧಾನದಿಂದ "ಎಚ್ಚರವಾಗಿದ್ದಾಳೆ" ಎಂದು ಬರೆದು ಮೊಹರು ಒತ್ತಿದರು. ಟೀಚರು ಸಾಕ್ಷಿ ಹಾಕಿದರು. ಅಮ್ಮ ಉಸಿರು ಬಿಗಿಹಿಡಿದು, ಹೆಗಲು ಅಲುಗದ ಹಾಗೆ, ಒಂದೇ ಕೈಯಲ್ಲಿ ಸಹಿ ಮಾಡಿದಳು.