ಮುಖವಾಡದ ಕೆಳಗಿನ ನನ್ನ ಮೂಗು

ಚಿಕ್ಕೋಡಿಯಂಥ ಊರಿನಲ್ಲಿ ಮುಖವಾಡ ಹಾಕಿಕೊಂಡು ಬದುಕುವುದು ಸಾಧ್ಯವಿಲ್ಲ. ಲೋಕದ ಕಪಟದ ಬಗ್ಗೆ ಉಪದೇಶ ಶುರುವಾಯಿತೆಂದು ಗಾಬರಿಯಾಗಬೇಡಿ. ಬಟ್ಟೆಯಲ್ಲಿ ಹೊಲಿದ, ಕಣ್ಣಿಗೆ ಕಟ್ಟಿಕೊಳ್ಳುವ ನಿಜವಾದ ಮುಖವಾಡದ ಮಾತು ಇದು. ಅದನ್ನು ಕಟ್ಟಿಕೊಂಡು ನಮ್ಮ ಬಸ್ ನಿಲ್ದಾಣದ ಮುಂದೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಐದನೆಯ ಹೆಜ್ಜೆಗೆ ಯಾರಾದರೊಬ್ಬರು, “ಏನ್ರಿ ಭೂಪಾಲಣ್ಣ, ಕಣ್ಣ ಬಂದಾವೇನ್ರಿ?” ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ನಡಿಗೆ ನೋಡಿ ಗುರುತು ಹಿಡಿಯುತ್ತಾರೆ, ಕೆಮ್ಮು ಕೇಳಿ ಗುರುತು ಹಿಡಿಯುತ್ತಾರೆ, ಗಾಡಿಯನ್ನು ಓರೆಯಾಗಿ ನಿಲ್ಲಿಸಿದ್ದು ನೋಡಿ ಯಾರ ಮಗನೆಂದು ಹೇಳುತ್ತಾರೆ. ಇಂಥ ಊರಿನಲ್ಲಿ ಕುಳಿತು, ಗುಟ್ಟಾಗಿ ಆಕಾಶದಲ್ಲಿ ಹಾರಾಡುವ, ಬಿಡುವಿದ್ದಾಗ ಪ್ರೀತಿಯನ್ನೂ ಮಾಡುವ ಒಬ್ಬ ಮಹಾಶೂರನ ಕಾಮಿಕ್ಸ್ ಬರೆಯಲು ಹೊರಟವನಿಗೆ ಏನಾಗಬೇಕೋ ಅದು ನನಗಾಯಿತು.

ನನ್ನ ಹೊಟ್ಟೆಪಾಡು ಫ್ಲೆಕ್ಸ್ ಅಂಗಡಿ. ಹದಿನೈದು ವರ್ಷಗಳಿಂದ ಸುತ್ತಲಿನ ಐದು ತಾಲ್ಲೂಕುಗಳ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿ ಕಂಬಕ್ಕೆ ಏರಿಸಿದ್ದೇನೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ನನ್ನ ಕಾಮಿಕ್ಸಿಗೆ ಬಣ್ಣ ತುಂಬುತ್ತ ಬಂದೆ. ಹದಿನಾರು ಪುಟಕ್ಕೆ ಎರಡು ವರ್ಷ ಹಿಡಿಯಿತು. ಫ್ಲೆಕ್ಸ್ ಮಾಡಿದ ಕೈಗೆ ಒಂದು ರೋಗ ಅಂಟಿಕೊಂಡಿರುತ್ತದೆ, ಅದು ನನಗೆ ಗೊತ್ತೇ ಆಗಿರಲಿಲ್ಲ. ಮೊದಲ ಪುಟದಲ್ಲಿ ನನ್ನ ಶೂರ ಮೋಡಗಳ ನಡುವೆ ಬಿಳಿ ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು ಕೈಮುಗಿದು ನಿಂತಿದ್ದ. ತಲೆಯ ಹಿಂದೆ ಸೂರ್ಯಕಿರಣ. ಪುಟದ ಕೆಳಗೆ ಹನ್ನೆರಡು ದುಂಡನೆಯ ಚೌಕಟ್ಟು ಬಿಟ್ಟು ‘ಶುಭೇಚ್ಛುಕರು’ ಎಂದು ನಾನೇ ಬರೆದುಬಿಟ್ಟಿದ್ದೆ. ನನ್ನ ಹೆಂಡತಿ ತ್ರಿಶಲಾ ಅದನ್ನು ಎತ್ತಿ ಹಿಡಿದು ನೋಡಿ, “ಇಂವ ಹಾರಾಕತ್ತಾನೋ, ಇಲೆಕ್ಷನ್ನಿಗೆ ನಿಂತಾನೋ?” ಅಂದಳು. ಆಮೇಲೆ ಕನ್ನಡಕ ತೆಗೆದು ಮುಖವಾಡ ಹಾಕಿದೆ. ಶುಭೇಚ್ಛುಕರನ್ನು ಅಳಿಸುವಾಗ ಮಾತ್ರ ಯಾರದೋ ವೋಟು ಕಳೆದುಕೊಂಡಂತೆ ಅನ್ನಿಸಿತು.

ಶೂರನ ಹೆಸರು ಸಿಡಿಲಪ್ಪ. ಹಗಲಿಡೀ ಅವನು ಶೀತಲ ಎಂಬ ಹೆಸರಿನ ಸಂಭಾವಿತ ಬಸ್ ಕಂಡಕ್ಟರ್. ಕಬ್ಬು ಹೇರಿದ ಟ್ರ್ಯಾಕ್ಟರ್ ವಾಲಿದರೆ ಮುಖವಾಡ ಕಟ್ಟಿಕೊಂಡು ಹಾರಿಹೋಗಿ ಒಂದೇ ಕೈಯಲ್ಲಿ ನೆಟ್ಟಗೆ ನಿಲ್ಲಿಸುತ್ತಾನೆ. ಹಾರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಆದರೆ ಇಳಿಯುವುದು ಬರುವುದಿಲ್ಲ. ಇಳಿದಾಗೊಮ್ಮೆ ಧಡ್ ಎಂದು ಅಪ್ಪಳಿಸಿ ಚಪ್ಪಲಿಯ ಉಂಗುಟ ಕಿತ್ತುಹೋಗುತ್ತದೆ. ಹೀಗಾಗಿ ವಾರಕ್ಕೆ ಎರಡು ಸಲ ಅಥಣಿಯ ಚಪ್ಪಲಿ ಅಂಗಡಿಗೆ ಹೋಗಬೇಕು. ಆ ಅಂಗಡಿಯನ್ನು ನಡೆಸುವವಳು ಉಜ್ವಲಾ. ಬಸ್ಸಿನಲ್ಲಿ ನಿಂತು ಟಿಕೆಟ್ ಹರಿಯುವವನಿಗೆ ಇಷ್ಟೊಂದು ಚಪ್ಪಲಿ ಯಾಕೆ ಹರಿಯುತ್ತವೆ ಎಂದು ಅವಳಿಗೆ ಅನುಮಾನ. ಅವಳಿಗೆ ತನ್ನ ಮೇಲೆ ಮನಸ್ಸಾಗಿದೆಯೋ, ಬರೀ ಅನುಮಾನವೋ ಎಂದು ಅವನಿಗೆ ಅನುಮಾನ. ನನ್ನ ಪ್ರೇಮಕಥೆ ನಿಂತಿದ್ದು ಈ ಎರಡು ಅನುಮಾನಗಳ ಮೇಲೆ. ಕಥೆ ಕೇಳಿದ ತ್ರಿಶಲಾ ಒಂದೇ ಪ್ರಶ್ನೆ ಕೇಳಿದಳು.

“ಹಾರೂ ಗಂಡಸಿಗೆ ಚಪ್ಪಲ್ ಯಾಕ ಬೇಕ್ರಿ?”

“ಇಳಿಯಾಕ,” ಅಂದೆ.

ಅವಳು ನಗಲಿಲ್ಲ. ನಗೆಕಥೆ ಬರೆಯುವವನ ಮನೆಯಲ್ಲಿ ನಗದ ಹೆಂಡತಿ ಇದ್ದರೆ ಅದೆಂಥ ಕಷ್ಟ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಆದರೆ ನನ್ನ ಕಷ್ಟ ಅಷ್ಟೇ ಆಗಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನೀವು ಎದುರಂಗಡಿಯ ಬಾಬಾಸಾಬನ ಮುಂದೆ ಬಾಯಿ ಬಿಡಬಾರದು. ಸಿಡಿಲಪ್ಪನ ಮುಖವಾಡ ಕಣ್ಣನ್ನಷ್ಟೇ ಮುಚ್ಚುತ್ತದೆ. ಅದರ ಕೆಳಗಿನ ಮೂಗು, ಗದ್ದ, ತುಟಿಯ ಮೇಲಿನ ಮಚ್ಚೆ ಎಲ್ಲ ನನ್ನವೇ. ಹೆಂಡತಿ ಒಂದು ದಿನ ಪುಟ ತಿರುವುತ್ತ ಥಟ್ಟನೆ ನಿಂತು, ಈ ಶೂರ ನಮ್ಮವರೇ ಅಲ್ಲವೇ ಅನ್ನಬೇಕು, ಇಷ್ಟೇ ನನ್ನ ಆಸೆ. ಎರಡು ವರ್ಷ ಬೆನ್ನು ಬಗ್ಗಿಸಿ ಕುಳಿತದ್ದು ಈ ಒಂದು ಮಾತಿಗಾಗಿ. ಕೆಮ್ಮು ಕೇಳಿ ಗುರುತು ಹಿಡಿಯುವ ಊರಿನಲ್ಲಿ ಮೂಗು ನೋಡಿ ಹಿಡಿಯುವುದು ಏನು ಮಹಾ? ಆದರೆ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಆ ಬಾಬಾಸಾಬ ನೋಡಿ, “ಇಂವ ನಮ್ಮ ರಾಯಬಾಗದ ಅಳಿಯನಂಗ ಅದಾನಲ್ಲೋ,” ಅಂದ. ತ್ರಿಶಲಾಳನ್ನೇ ನೇರವಾಗಿ ಕೇಳಿದೆ, ಇಂವ ಯಾರಂಗ ಕಾಣ್ತಾನ ಎಂದು. ಅವಳು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಯಾರೋ ಇರಬೇಕ ಬಿಡ್ರಿ,” ಎಂದು ಪುಟ ತಿರುವಿದಳು. ಆ ದಿನ ನನಗೆ ಊಟ ಸೇರಲಿಲ್ಲ.

ಒಂಬತ್ತನೆಯ ಪುಟದಲ್ಲಿ ಸಿಡಿಲಪ್ಪ ನೀರಿನ ಟ್ಯಾಂಕಿನ ಮೇಲೆ ನಿಂತು, “ಉಜ್ವಲಾ, ನಾನು ನಿನ್ನನ್ನು ಪ್ರೀತಿಸುತ್ತೇನೆ” ಎನ್ನುತ್ತಾನೆ. ಅದನ್ನು ಓದಿ ತ್ರಿಶಲಾ, “ಯಾರ ಹಿಂಗ ಅಂತಾರ್ರಿ? ನೀವು ಅಂದೀರೇನು?” ಎಂದಳು. ಅಂದಿಲ್ಲ, ನಿಜ. ಅವಳ ತವರಾದ ಭೋಜ ಗ್ರಾಮಕ್ಕೆ ಹೆಣ್ಣು ನೋಡಲು ಹೋದಾಗ ನಾನು ಬಾಯಿಬಿಟ್ಟು ಆಡಿದ್ದು ಒಂದೇ ಮಾತು: “ಚಹಾಕ್ಕ ಸಕ್ರಿ ಕಡಿಮಿ ಇರ್ಲಿ.” ಮಾವನವರದು ಆರು ಎಕರೆ ಕಬ್ಬು. ಅವರ ಮುಖ ಸಣ್ಣದಾಯಿತು. ಹುಡುಗನಿಗೆ ಈಗಲೇ ಸಕ್ಕರೆ ಕಾಯಿಲೆ ಇರಬೇಕೆಂದು ಅವರು ಮೂರು ಕಡೆ ವಿಚಾರಿಸಿದರಂತೆ. ಮದುವೆ ಹದಿನೈದು ದಿನ ತಡವಾದದ್ದು ಆ ವಿಚಾರಣೆಯಿಂದಲೇ. ಇಂಥ ಚರಿತ್ರೆಯುಳ್ಳವನು ಪ್ರೇಮಕಥೆ ಬರೆದರೆ ಹೆಂಡತಿ ಹೇಗೆ ನಂಬಬೇಕು, ಹೇಳಿ. ಆ ಮಾತನ್ನು ಅಳಿಸಿ ಸಿಡಿಲಪ್ಪನ ಬಾಯಲ್ಲಿ, “ಉಜ್ವಲಾ, ಇನ್ನೊಂದು ಜೋಡ ಕೊಡ್ರಿ” ಎಂದು ಬರೆದೆ. ಪ್ರೀತಿ ಅದರಲ್ಲೇ ಹೆಚ್ಚು ಕಾಣಿಸಿತು.

ಖಳನಾಯಕನದು ಇನ್ನೊಂದು ಗೋಳು. ಕತ್ತಲೇಶ ಎಂಬ ದುಷ್ಟ ವಿಜ್ಞಾನಿ ನಿಪ್ಪಾಣಿಯಿಂದ ಕಾಗವಾಡದವರೆಗೆ ಎಲ್ಲರ ಕರೆಂಟು ಕದಿಯುತ್ತಾನೆ ಎಂದು ಮೊದಲು ಬರೆದಿದ್ದೆ. ಬಾಬಾಸಾಬ ಬಿದ್ದು ಬಿದ್ದು ನಕ್ಕ. “ಕರೆಂಟ್ ಹೋಗಾಕ ಅಂವ ಯಾಕ ಬೇಕೋ ಮಾರಾಯಾ? ಅದು ತನ್ನಷ್ಟಕ್ಕ ತಾನ ಹೊಕ್ಕೈತಲ್ಲ.” ಬೇಕಾದರೆ ಮೋಟಾರು ಸುಡುವ ಖಳನಾಯಕನನ್ನು ಮಾಡು, ನನಗೂ ನಾಲ್ಕು ಕೆಲಸ ಬರುತ್ತವೆ ಎಂದೂ ಸೂಚಿಸಿದ. ಕೊನೆಗೆ ಕತ್ತಲೇಶನಿಗೆ ಒಂದೇ ಗುರಿ ಉಳಿಸಿದೆ: ಸಿಡಿಲಪ್ಪ ನಿಜವಾಗಿ ಯಾರೆಂದು ಪತ್ತೆ ಮಾಡಿ ಊರೆಲ್ಲ ಹೇಳಿಕೊಂಡು ಬರುವುದು. ಇಂಥವರು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ ಎಂದು ಬಾಬಾಸಾಬ ಒಪ್ಪಿಕೊಂಡ. ಅವರಲ್ಲಿ ಅವನೂ ಒಬ್ಬ ಎಂದು ನಾನು ಹೇಳಲಿಲ್ಲ.

ಹದಿನೈದನೆಯ ಪುಟದ ಹೊತ್ತಿಗೆ ಉಜ್ವಲಾಗೂ ಶೀತಲನಿಗೂ ಊರಿಗೆ ತಿಳಿಯದಂತೆ ಮದುವೆಯಾಗಿದೆ, ಅವನೇ ಸಿಡಿಲಪ್ಪ ಎಂಬ ಗುಟ್ಟು ಅವಳಿಗೆ ಗೊತ್ತಾಗಿದೆ. ಕತ್ತಲೇಶ ಅವಳನ್ನು ಬೆಲ್ಲದ ಗಾಣದ ಮನೆಯಲ್ಲಿ ಕೂಡಿಹಾಕಿ, “ಸಿಡಿಲಪ್ಪ ನಿನ್ನ ಗಂಡ ಎಂದು ಗೊತ್ತು. ಅವನ ಹೆಸರು ಹೇಳು” ಎಂದು ಗರ್ಜಿಸುತ್ತಾನೆ. ಅಲ್ಲಿಗೆ ನನ್ನ ಗಾಡಿ ನಿಂತುಬಿಟ್ಟಿತು. ಹೇಳಿದರೆ ಕಥೆ ಮುಗಿಯಿತು. ಹೇಳದಿದ್ದರೆ ಅವಳಿಗೆ ಹಿಂಸೆ ಕೊಡಬೇಕು, ನಗೆಕಥೆಯಲ್ಲಿ ಅದು ಶೋಭಿಸುವುದಿಲ್ಲ. ನನ್ನಂತೆ ತಾವೇ ಬರೆದು ತಾವೇ ಅಚ್ಚು ಹಾಕಿಸುವವರ ಸಣ್ಣ ಪ್ರದರ್ಶನವೊಂದಕ್ಕೆ ಬೆಳಗಾವಿಯಲ್ಲಿ ಮೇಜು ಹಿಡಿದಾಗಿತ್ತು, ಉಳಿದದ್ದು ಎಂಟೇ ದಿನ. ರೊಟ್ಟಿ ಬಡಿಯುತ್ತಿದ್ದ ತ್ರಿಶಲಾಳ ಮುಂದೆ ನನ್ನ ಸಂಕಟ ತೋಡಿಕೊಂಡೆ. ಅವಳು ತಿರುಗಿಯೂ ನೋಡದೆ, “ಹೇಳಂದ್ರ ಹೆಂಗ ಹೇಳ್ತಾಳ್ರಿ ಆಕಿ? ಗಂಡನ ಹೆಸರು ಯಾರರೆ ಹೇಳ್ತಾರೇನು?” ಅಂದಳು.

ನಾನು ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟೆ. ಹತ್ತೊಂಬತ್ತು ವರ್ಷಗಳಿಂದ ನನ್ನ ಹೆಸರನ್ನು ನಾಲಿಗೆಯ ಮೇಲೆ ತರದವಳ ಜೊತೆ ಸಂಸಾರ ಮಾಡುತ್ತ ನನಗೆ ಇದು ಹೊಳೆದಿರಲಿಲ್ಲ. ನಾನು ಅವಳಿಗೆ ‘ಏನ್ರಿ’, ‘ಇಲ್ನೋಡ್ರಿ’. ಬೇರೆಯವರ ಮುಂದೆ ‘ನಮ್ಮವರು’. ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ಕಾಗದದ ಮೇಲೆ ಬೆರಳಿಡುತ್ತಾಳೆ. ನಮ್ಮ ಕಡೆ ಈ ವಯಸ್ಸಿನ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದು ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲಿನಂಥ ಕಾರ್ಯದಲ್ಲಿ ಮಾತ್ರ, ಅದೂ ನಾಲ್ಕು ಜನ ಸುತ್ತುಗಟ್ಟಿ ಒತ್ತಾಯಿಸಿದಾಗ ಪ್ರಾಸದ ಸಾಲುಗಳಲ್ಲಿ ಹೆಣೆದು. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆಯ ದಿನ ತ್ರಿಶಲಾ ಒಂದು ಒಡಪು ಹೇಳಿದ್ದು ನಿಜ. ಆದರೆ ಬ್ಯಾಂಡಿನವರು ಅದೇ ಹೊತ್ತಿಗೆ ಶುರುಮಾಡಿದ್ದರಿಂದ ನನಗೆ ಅವಳ ತುಟಿ ಅಲುಗಿದ್ದಷ್ಟೇ ಕಂಡಿತು.

ಕಥೆ ಈಗ ತಾನಾಗಿಯೇ ಓಡಿತು. ಉಜ್ವಲಾ, ಗಂಡನ ಹೆಸರು ಹೇಳುವುದಿಲ್ಲ ಎನ್ನುತ್ತಾಳೆ. ಕತ್ತಲೇಶನೂ ಈ ಕಡೆಯವನೇ, ಅದಕ್ಕೆ ಎದುರಾಡಲು ಬಾಯಿಲ್ಲ. ಆದರೆ ಉಪಾಯವೂ ಅವನಿಗೆ ಗೊತ್ತು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅರಿಷಿಣ ಕುಂಕುಮಕ್ಕೆ ಕರೆಸಿ, ಚುರಮುರಿ ಚಹಾ ತರಿಸಿ, “ಒಡಪ ಹಾಕಿ ಹೇಳವ್ವ” ಎಂದು ಕಿಟಕಿಯ ಹೊರಗೆ ಕಿವಿಯಾನಿಸಿ ನಿಲ್ಲುತ್ತಾನೆ. ಕೊನೆಯ ಪುಟಕ್ಕೆ ಒಂದು ಒಳ್ಳೆಯ ಒಡಪು ಬೇಕಿತ್ತು. ನಾನೇ ಬರೆಯಲು ಕುಳಿತರೆ, “ಅಥಣಿಯ ಹೆಮ್ಮೆಯ ಅಳಿಯ, ಚಿಕ್ಕೋಡಿಯ ಆಶಾಕಿರಣ, ಶ್ರೀ ಶೀತಲ ಅವರಿಗೆ ಹಾರ್ದಿಕ ಶುಭಾಶಯಗಳು” ಎಂದು ಬಂತು. ಹದಿನೈದು ವರ್ಷದ ಕೈ, ಏನು ಮಾಡುವುದು. ಒಂದು ಒಡಪು ಹೇಳಿಕೊಡು ಎಂದು ತ್ರಿಶಲಾಗೆ ದಮ್ಮಯ್ಯ ಅಂದೆ.

“ಮಂದಿ ಗಂಡನ ಹೆಸರ ಹಾಕಿ ನಾ ಯಾಕ ಹೇಳ್ಲಿ?” ಅಂದಳು.

“ಹಂಗಾರ ನನ್ನ ಹೆಸರ ಹಾಕಿ ಹೇಳು. ಆಮ್ಯಾಲೆ ನಾ ತಿದ್ಕೋತೀನಿ.”

“ಕುಬಸಿಲ್ಲ, ತೊಟ್ಲಿಲ್ಲ. ಸುಮ್ಮನ ಅಡಗಿಮನ್ಯಾಗ ನಿಂತು ಗಂಡನ ಹೆಸರ ಹೇಳಾಕ ನನಗೇನ ಹುಚ್ಚ ಹಿಡದೈತೇನು?”

ತೊಟ್ಟಿಲು ಸಿಕ್ಕಿತು. ಆ ಭಾನುವಾರವೇ ಬಾಬಾಸಾಬನ ಮೊಮ್ಮಗಳ ನಾಮಕರಣ, ಫ್ಲೆಕ್ಸ್ ನನ್ನದೇ. ಬೆಳಿಗ್ಗೆಯೇ ಕಟ್ಟಬೇಕಾದದ್ದನ್ನು ಬೇಕಂತಲೇ ತಡಮಾಡಿ, ಒಳಗೆ ಹೆಣ್ಣುಮಕ್ಕಳೆಲ್ಲ ತೊಟ್ಟಿಲ ಸುತ್ತ ಕುಳಿತ ಮೇಲೆ ಕಿಟಕಿಯ ಪಕ್ಕ ಏಣಿ ಹಾಕಿದೆ. ನಾಲ್ಕಾರು ಒಡಪುಗಳಾದವು. ಬಳಿಕ ಯಾರೋ, “ತ್ರಿಶಲಕ್ಕಾ, ಇನ್ನ ನಿಂದು” ಎಂದರು. ನಾನು ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಿವಿಯನ್ನು ಕಿಟಕಿಗೆ ತಂದೆ. ನನ್ನ ಹೆಂಡತಿ ಗಂಟಲು ಸರಿಪಡಿಸಿಕೊಂಡು ಶುರುಮಾಡಿದಳು:

“ಆಕಾಶದಾಗ ಹಾರಾವಂಗ ಚಪ್ಪಲ್ ಬರದಾರ,
ಅಂಗಡ್ಯಾಗ ಕುಂತು ಊರಿಗೆಲ್ಲ ಶುಭ ಕೋರ್ಯಾರ,
ಸಂತಿಗೆ ಕಳಿಸಿದ್ರ ಬರೇ ಚೀಲಾ ತಂದಾರ,
ಇಂಥಾ ನಮ್ಮ…”

ಚೀಲದ ಮಾತಿಗೆ ಎದ್ದ ನಗು ಅಷ್ಟಕ್ಕೆ ನಿಲ್ಲಲಿಲ್ಲ. ಕೂಸು ಬೆಚ್ಚಿ ಕಿರುಚಿತು, ಅದನ್ನು ಸಮಾಧಾನ ಮಾಡುವವರು ಇನ್ನಷ್ಟು ಕಿರುಚಿದರು. ಹತ್ತೊಂಬತ್ತು ವರ್ಷ ಕಾದ ನನ್ನ ಹೆಸರು ಆ ಗದ್ದಲದಲ್ಲಿ ಎಲ್ಲೋ ಬಂದು ಹೋಯಿತು. ಸ್ವಲ್ಪವಾದರೂ ಕೇಳೀತೆಂದು ಬಗ್ಗಿದೆ. ಏಣಿ ಜಾರಿತು. ನಾನು ಫ್ಲೆಕ್ಸಿನಲ್ಲಿ ಸುತ್ತಿಕೊಂಡು, ಕೂಸಿನ ನಗುಮುಖವನ್ನು ತಲೆಗೆ ಹೊದ್ದು, ಧಡ್ ಎಂದು ಇಳಿದೆ. ಚಪ್ಪಲಿಯ ಉಂಗುಟ ಕಿತ್ತಿತು. ಒಳಗಿನಿಂದ ಬಾಬಾಸಾಬ, “ಯಾರ ಬಿದ್ರೋ?” ಎಂದು ಕೂಗಿದ. ಕಿಟಕಿಯಲ್ಲಿ ಇಣುಕಿದ ತ್ರಿಶಲಾ, “ಯಾರಿಲ್ಲ ಬಿಡ್ರಿ, ನಮ್ಮವರ,” ಎಂದಳು.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಅದೇ ಮಧ್ಯಾಹ್ನ ಕೊನೆಯ ಪುಟ ಮುಗಿಸಿದೆ. ಉಜ್ವಲಾ ಒಡಪು ಹೇಳುತ್ತಾಳೆ. ಹೆಸರು ಬರಬೇಕಾದ ಜಾಗದ ಮೇಲೆಲ್ಲ ಹೆಂಗಸರ ನಗು ಹರಡಿಕೊಳ್ಳುತ್ತದೆ. ಕಿಟಕಿಯ ಹೊರಗೆ ಕತ್ತಲೇಶ ಕೇಳಲು ಬಗ್ಗಿ ಏಣಿಯಿಂದ ಬೀಳುತ್ತಾನೆ. ಬೀಳುವವನ ಮುಖ ಹೇಗಿರುತ್ತದೆ ಎಂದು ತಿಳಿಯಲು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು ಬರೆದೆ. ಸಂಜೆ ಪುಟವನ್ನು ತ್ರಿಶಲಾಳ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತೆ. ಅವಳು ನೋಡಿದಳು. ಸೆರಗು ಬಾಯಿಗೆ ಹೋಯಿತು. ಆಮೇಲೆ ಸೆರಗಿನಿಂದಲೂ ತಡೆಯಲಾಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ವರ್ಷದಲ್ಲಿ ಮೊದಲ ಸಲ.

“ಈ ಕತ್ತಲೇಶ ನೆಟ್ಟಗ ನಿಮ್ಮಂಗ ಅದಾನಲ್ರಿ. ಹೊಟ್ಟಿ ಸುದ್ದಾ.”

ನನಗೆ ಸಿಟ್ಟು ಬಂತು. “ಖಳನಾಯಕನ ಗುರುತ ಲಗೂ ಹಿಡದಿ ನೋಡು. ಹದಿನೈದ ಪುಟ ಸಿಡಿಲಪ್ಪನ ಮೂಗ ನೋಡಿದಿ, ಅದ ಯಾರದಂತ ಗೊತ್ತಾಗಲಿಲ್ಲೇನು?”

“ಮೊದಲನೇ ಪುಟದಾಗ ಗೊತ್ತಾಗಿತ್ರಿ.”

“ಮತ್ತ ಕೇಳಿದಾಗ ಯಾಕ ಹೇಳಲಿಲ್ಲ?”

ಅವಳು ಕಣ್ಣೊರೆಸಿಕೊಂಡಳು. “ಹೆಂಗ ಹೇಳ್ಲಿ? ಹೆಸರ ಹೇಳಬೇಕಾಗ್ತಿತ್ತಲ್ಲ.”

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಇಂಥ ಗಳಿಗೆಯಲ್ಲಿ ಏನಾದರೂ ಒಳ್ಳೆಯ ಮಾತು ಅನ್ನುತ್ತಿದ್ದರು. ನಾನು, “ಚಹಾ ಮಾಡು, ಸಕ್ರಿ ಜಾಸ್ತಿ ಇರ್ಲಿ,” ಅಂದೆ. ಅವಳಿಗೆ ಅರ್ಥವಾಯಿತು.

ಬೆಳಗಾವಿಯ ಪ್ರದರ್ಶನದಲ್ಲಿ ಇಬ್ಬರೂ ಮೇಜಿನ ಹಿಂದೆ ಕುಳಿತಿದ್ದೆವು. ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ಎತ್ತಿಕೊಂಡು ತ್ರಿಶಲಾಳನ್ನು, “ಇದನ್ನ ಬರದವರು ಯಾರ್ರಿ ಆಂಟಿ?” ಎಂದು ಕೇಳಿದಳು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡು, ಹೊಟ್ಟೆಯನ್ನು ಒಳಗೆಳೆದುಕೊಂಡು, ಸಿಡಿಲಪ್ಪನಂತೆ ಗದ್ದ ಎತ್ತಿ ಕುಳಿತೆ. ತ್ರಿಶಲಾ ಹೆಸರು ಹೇಳಲಿಲ್ಲ. ಪುಸ್ತಕ ತೆಗೆದುಕೊಂಡು ನೇರವಾಗಿ ಕೊನೆಯ ಪುಟಕ್ಕೆ ತಿರುವಿದಳು, ಏಣಿಯಿಂದ ಬೀಳುತ್ತಿರುವವನ ಮೇಲೆ ಬೆರಳಿಟ್ಟು, ಕಣ್ಣಿನಲ್ಲೇ ನನ್ನ ಕಡೆ ತೋರಿಸಿದಳು. ಆ ಹುಡುಗಿ ಚಿತ್ರ ನೋಡಿದಳು, ನನ್ನನ್ನು ನೋಡಿದಳು, “ಹೌದ್ರಿ, ಇವರ,” ಅಂದಳು.