ಮಷೀನು ಆರಿಸಿದ ಭಾವ

ನಮ್ಮ ಭಾವನ ಜೊತೆ ಒಮ್ಮೆ ಕಂಪ್ಯೂಟರ್ ಅಂಗಡಿಗೆ ಹೋಗಿ ಬಂದವರಿಗೆ ಸ್ವರ್ಗ ಖಂಡಿತ. ನರಕವನ್ನು ಅಲ್ಲೇ ಅನುಭವಿಸಿ ಮುಗಿಸಿರುತ್ತಾರಲ್ಲ!

ಭಾವ ಎಂದರೆ ಅಕ್ಕನ ಗಂಡ. ಪವಾಯಿಯ ಲಿಫ್ಟ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ನಾನೂ ಅಲ್ಲೇ ಇದ್ದೇನೆ. ಇಂಜಿನಿಯರುಗಳು ಬರೆದ ಕ್ಯಾಡ್ ನಕ್ಷೆಗಳನ್ನು ಒಂದೊಂದಾಗಿ ತೆರೆದು, ಪಿಡಿಎಫ್ ಮಾಡಿ, ಫ್ಯಾಕ್ಟರಿಗೆ ಕಳಿಸುವುದು ನನ್ನ ಕೆಲಸ. ಇದನ್ನೆಲ್ಲ ತಾನೇ ತಾನಾಗಿ ಮಾಡುವ ಮಷೀನು ತರಬೇಕೆಂದು ದೊಡ್ಡ ಸಾಹೇಬರಿಗೆ ಹೊಳೆಯಿತು. ಯಾವ ಕಂಪ್ಯೂಟರು, ಯಾವ ಆಪರೇಟಿಂಗ್ ಸಿಸ್ಟಮ್ ಎಂದು ಆರಿಸುವ ಹೊಣೆ ಭಾವನದು. ಮಷೀನು ಬಂದರೆ ನಾನು ಮನೆಗೆ! ಅದನ್ನು ಆರಿಸಲು ಭಾವ ಕರೆದುಕೊಂಡು ಹೋದದ್ದು ಯಾರನ್ನು ಹೇಳಿ? ನನ್ನನ್ನೇ. ಕುರಿಯ ಕೈಯಲ್ಲೇ ಮಚ್ಚು ಹೊರಿಸಿದ ಹಾಗೆ.

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಕಂಪ್ಯೂಟರೊಂದನ್ನು ಚಾಲೂ ಮಾಡಿಸಿ ಭಾವ ಘೋಷಿಸಿದರು: "ಇದರ ಮುಂದೆ ಯಾರೂ ಕೂತಿರಲ್ಲ. ಅಂದ್ಮೇಲೆ ಯಾರೂ ಇಲ್ಲದಾಗ್ಲೇ ಟೆಸ್ಟ್ ಮಾಡ್ಬೇಕು. ಚಲೋ, ಸಬ್ ಬಾಹರ್!" ಗಿರಾಕಿಗಳೆಲ್ಲ ಫುಟ್‌ಪಾತಿಗೆ! "ಸಾಬ್, ದುಕಾನ್ ತೋ ಮೇರಾ ಹೈ" ಎಂದು ಅಂಗಡಿಯ ಮಾಲೀಕನೇ ಗೋಗರೆದ. "ಆಪ್ ಭೀ!" ಎಂದು ಭಾವ ಅವನನ್ನೂ ಹೊರಗಟ್ಟಿದರು. ನಾನು ಕರ್ಚೀಫಿನಿಂದ ಮುಖ ಮುಚ್ಚಿಕೊಂಡು ಬಿಸಿಲಲ್ಲಿ ನಿಂತೆ.

ಆಫೀಸಿನಲ್ಲಾದರೂ ಮಾನ ಉಳಿಯಿತೇ? ನಕ್ಷೆ ಬರೆಯುವ ನಮ್ಮ ಕ್ಯಾಡ್ ಸಾಫ್ಟ್‌ವೇರ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಓಡುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಭಾವ ಮಾತ್ರ, "ಹಾಕಿ ನೋಡೋ" ಎಂದರು.

"ಓಡಲ್ಲ ಅಂತ ಬರೆದೇ ಇದೆಯಲ್ಲ, ಭಾವ?"

"ಯಾಕೆ ಓಡಲ್ಲ ಅಂತ ಬರೆದಿದ್ಯಾ?"

ಹಾಕಿದೆ, ಓಡಲಿಲ್ಲ, ತೆಗೆದೆ. ಸರ್ವರ್ ಕಂಪ್ಯೂಟರುಗಳಿಗೆ ಹಾಕುವ ವಿಂಡೋಸ್ ಹಾಕಿದೆ. ಫಾಂಟು ಸಿಗದೆ ನಕ್ಷೆಯ ಚಿಹ್ನೆಗಳೆಲ್ಲ ಖಾಲಿ ಚೌಕಗಳಾದವು. ತೆಗೆದೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದೆ; ವೇಗ ಚೂರೂ ಹೆಚ್ಚಲಿಲ್ಲ. ಅದನ್ನೂ ತೆಗೆದೆ. "ಜೀಜಾಜಿ ಆಜ್ ಕ್ಯಾ ಡಲ್ವಾ ರಹೇ ಹೈಂ?" ಭಾವ ಇವತ್ತೇನು ಹಾಕಿಸುತ್ತಿದ್ದಾರೆ ಎಂದು ಪಕ್ಕದ ಟೇಬಲಿನವರು ನಗುವಾಗ ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನಿಸುತ್ತಿತ್ತು.

ವಿಲೆ ಪಾರ್ಲೆಯಲ್ಲಿ ನೆಂಟರ ಮದುವೆ. ತಾಳಿ ಕಟ್ಟುವ ಹೊತ್ತು, ಎಲ್ಲರ ಕೈಯಲ್ಲೂ ಅಕ್ಷತೆ. ಭಾವ ಮೊಬೈಲಿನಲ್ಲಿ ಆಫೀಸಿನ ಮಷೀನಿನ ಸ್ಕ್ರೀನು ನೋಡಿ ಕಿರುಚಿದರು: "ಏಯ್, ಮಷೀನು 'ಸೇವ್ ಮಾಡ್ಲಾ?' ಅಂತ ಕೇಳ್ಕೊಂಡು ನಿಂತ್ಬಿಟ್ಟಿದೆ! ಓಕೆ ಒತ್ತೋಕೆ ಅಲ್ಲಿ ಯಾರಿದ್ದಾರೆ? ಯಾವ ಸೆಟ್ಟಿಂಗ್ ಬಿಟ್ಯೋ?" ವಾಲಗದವರೂ ತಿರುಗಿ ನೋಡಿದರು. "ಅವರು ನಿಮ್ಮ ಕಡೆಯವರಾ?" ಎಂದು ಪಕ್ಕದವರು ಕೇಳಿದರು. "ಅಲ್ಲ, ಕೇಟರಿಂಗ್‌ನವರು" ಎಂದುಬಿಟ್ಟೆ.

ಕೊನೆಗೂ ಮೀಟಿಂಗ್ ಬಂತು. "ಫೈನಲ್ ಕ್ಯಾ ಹೈ?" ಎಂದರು ಸಾಹೇಬರು. ಭಾವ ಏಳಲೂ ಇಲ್ಲ. "ಇಸ್ ಸೇ ಪೂಛಿಯೇ" ಎಂದು ನನ್ನತ್ತ ಕೈ ತೋರಿಸಿದರು. ಎದ್ದು ನಿಂತೆ. ಇಂಜಿನಿಯರುಗಳ ಕಂಪ್ಯೂಟರಿನಲ್ಲಿರುವ ವಿಂಡೋಸೇ, ಅವೇ ಫಾಂಟುಗಳೇ ಇದರಲ್ಲೂ ಇರಬೇಕು. ಕಾರ್ಡಿಗೆ ಸುರಿಯುವ ದುಡ್ಡನ್ನು ಚುರುಕಾದ ಪ್ರೊಸೆಸರಿಗೆ ಹಾಕಬೇಕು. ತಾನಾಗಿ ಅಪ್‌ಡೇಟ್ ಆಗಬಾರದು, ಪ್ರಶ್ನೆ ಕೇಳಿ ನಿಲ್ಲಬಾರದು... ಹೇಳುತ್ತಲೇ ಹೋದೆ. ಇಷ್ಟೆಲ್ಲ ನನಗೆ ಯಾವಾಗ ಗೊತ್ತಾಯಿತು?

"ಇಸ್ ಕೋ ಸಂಭಾಲೇಗಾ ಕೌನ್?" ಮಷೀನನ್ನು ನೋಡಿಕೊಳ್ಳುವವರು ಯಾರು ಎಂದರು ಸಾಹೇಬರು.

"ಇಸ್ ಸೇ ಅಚ್ಛಾ ಕೌನ್ ಮಿಲೇಗಾ, ಸರ್?" ಇವನಿಗಿಂತ ಒಳ್ಳೆಯವನು ಯಾರು ಸಿಕ್ಕಾರು ಎಂದರು ಭಾವ. ಸಾಹೇಬರು ನನ್ನನ್ನೇ ದಿಟ್ಟಿಸಿ, ಸರಿ ಎಂದು ತಲೆಯಾಡಿಸಿದರು.

ಹಾಕಿಸಿ, ತೆಗೆಸಿ, ನನಗೆ ಕಲಿಸಿ ನನ್ನ ಅನ್ನ ಉಳಿಸಲೆಂದೇ ಈ ಮನುಷ್ಯ ಇಷ್ಟು ದಿನ ಊರವರ ನಗೆಗೆ ಗುರಿಯಾಗಿದ್ದರು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಹೊರಗೆ ಬರುವಷ್ಟರಲ್ಲಿ ಅಕ್ಕನ ಫೋನು. "ಕೆಲಸ ನಿಂದು, ನೀನೇ ಹೇಳು" ಎಂದು ಭಾವ ಫೋನನ್ನು ನನ್ನ ಕೈಗಿಟ್ಟರು. "ಅಕ್ಕಾ" ಎಂದವನೇ ಅತ್ತುಬಿಟ್ಟೆ. "ಹೋಯ್ತೇನೋ ಕೆಲಸ?" ಎಂದು ಆಕೆ ಅಳಲು ಶುರು! ಭಾವ ಫೋನು ಕಿತ್ತುಕೊಂಡು, "ಅಳಬೇಡ್ವೇ, ಕೆಲಸ ಉಳೀತು. ಇವನೂ ಅಳ್ತಿದ್ದಾನೆ, ಖುಷಿಗೆ" ಎಂದರು.

ಖುಷಿಗಂತೆ! ಹಾಗೇ ತಿಳಿದುಕೊಳ್ಳಲಿ ಎಂದು ನಾನು ಕರ್ಚೀಫಿನಿಂದ ಕಣ್ಣೊರೆಸಿಕೊಂಡೆ.