ಟೈಲರ್ ಅಕ್ಕ ಬಸ್ ಸ್ಟಾಪ್ ಆದದ್ದು

ಬಸ್ ನಿಲ್ದಾಣವೆಂದರೆ ಬಸ್ಸು ನಿಲ್ಲುವ ಜಾಗವಲ್ಲ, ನಿಲ್ದಾಣದ ಕಂಬ ಇರುವ ಜಾಗ. ಸಾರಿಗೆ ಇಲಾಖೆಯ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹೀಗಾಗಿ, ಅಡ್ಡರಸ್ತೆಯ ಮೂಲೆಯಲ್ಲಿದ್ದ ಕಂಬಕ್ಕೆ ಲಾರಿಯೊಂದು ಗುದ್ದಿ, ಉರುಳಿದ ಕಂಬವನ್ನು ಗುಜರಿಯವನು ಹೊತ್ತೊಯ್ದ ಮರುದಿನದಿಂದ ಅಲ್ಲಿ ಬಸ್ಸು ನಿಲ್ಲಲಿಲ್ಲ. ಜನ ನಿಂತಿದ್ದರು. ಡ್ರೈವರ್ ಅವರನ್ನು ನೋಡಿದ, ಪರಿಚಯದ ನಗೆ ನಕ್ಕ, ಮುಂದೆ ಹೋದ. ಜನ ಕಂಬವಲ್ಲ.

ಹೆಚ್ಚು ತೊಂದರೆಯಾದದ್ದು ಟೈಲರ್ ಅಕ್ಕನಿಗೆ. ಅವರ ಹೊಲಿಗೆ ಅಂಗಡಿ ಇದ್ದದ್ದು ಪೇಟೆಯಲ್ಲಿ. ಬಲಗಾಲಿನ ಮಂಡಿ ಎಂದೋ ಕೈಕೊಟ್ಟಿತ್ತು. ಪೇಟೆಯವರೆಗೆ ನಡೆದರೆ ಮಿಷನ್ ತುಳಿಯಲು ಕಾಲು ಉಳಿಯುತ್ತಿರಲಿಲ್ಲ. ತುಳಿಯದಿದ್ದರೆ ಗಿರಾಕಿ ಉಳಿಯುತ್ತಿರಲಿಲ್ಲ.

“ಪ್ರಜಾಪ್ರಭುತ್ವದಲ್ಲಿ ಸುಮ್ನೆ ಕೂರಬಾರದಮ್ಮ,” ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು.

“ಕೂರೋದೆಲ್ಲಿ ಮೇಷ್ಟ್ರೇ? ಬೆಂಚೂ ಲಾರಿ ಕೆಳಗೇ ಹೋಯ್ತು.”

ಸಾಮಾನ್ಯ ಪ್ರಜೆಯ ಕೈಯಲ್ಲಿರುವ ಅಸ್ತ್ರಗಳನ್ನು ಮೇಷ್ಟ್ರು ವಿವರಿಸಿದರು. ಮೊದಲನೆಯದು ಸಹಿ ಸಂಗ್ರಹ. ಬೀದಿಯವರೆಲ್ಲ ಓದದೆ ಸಹಿ ಹಾಕಿದರು. ಕಿರಾಣಿ ಅಂಗಡಿಯವನು ಮಾತ್ರ “ಯಾರ ಮದುವೆ?” ಎಂದು ಕೇಳಿ ಸಹಿ ಹಾಕಿದ. ಎರಡನೆಯದು ಕಪ್ಪು ಪಟ್ಟಿ. ಟೈಲರ್ ಅಕ್ಕ ಇಡೀ ಬೀದಿಗೆ ಪಟ್ಟಿ ಹೊಲಿದುಕೊಟ್ಟರು. ಇಬ್ಬರು ಹೆಂಗಸರು ತೋಳು ಬಿಗಿಯಾಯಿತೆಂದು ವಾಪಸು ತಂದರು. ಇಲಾಖೆ ಮಿಸುಕಲಿಲ್ಲ.

ಉಳಿದದ್ದು ಫಲಕ ಹಿಡಿದು ನಿಲ್ಲುವುದು. ಟೈಲರ್ ಅಕ್ಕನ ಗಂಡ ಗೋಡೆಗೆ ಬಣ್ಣ ಬಳಿಯುವವರು. ಗೋಡೆಯ ಅಳತೆಯಲ್ಲೇ ಯೋಚಿಸುವವರು. “ಬಸ್ ಇಲ್ಲಿ ನಿಲ್ಲಬೇಕು” ಎಂದು ಬರೆಯುವಷ್ಟರಲ್ಲಿ ಹಲಗೆ ಮುಗಿಯಿತು. “ಎಂದು ಒತ್ತಾಯಿಸುತ್ತೇವೆ” ಎಂಬುದು ಹಿಂಬದಿಗೆ ಹೋಯಿತು.

ಬೆಳಿಗ್ಗೆ ಟೈಲರ್ ಅಕ್ಕ ಮೂಲೆಯಲ್ಲಿ ಹಲಗೆ ಎತ್ತಿ ಹಿಡಿದರು. ಬಸ್ಸು ನಿಂತಿತು. ಜನ ಜಯಕಾರ ಹಾಕಿ ಹತ್ತಿದರು. ಕೊನೆಗೆ ಅಕ್ಕ ಹಲಗೆಯನ್ನು ಕಂಕುಳಲ್ಲಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟರು.

ಕಂಡಕ್ಟರ್ ಅಡ್ಡ ನಿಂತ. “ನೀವೆಲ್ಲಿಗಮ್ಮಾ?”

“ಪೇಟೆಗೆ ಕಣಪ್ಪಾ.”

“ನೀವು ಬಂದ್ರೆ ಇಲ್ಲಿ ಸ್ಟಾಪ್ ಎಲ್ಲಿರತ್ತೆ? ಸ್ಟಾಪ್ ಇಲ್ಲದ ಕಡೆ ಯಾರನ್ನಾದ್ರೂ ಹತ್ತಿಸ್ಕೊಂಡ್ರೆ ನನ್ನ ಕೆಲಸಕ್ಕೇ ಕುತ್ತು.”

“ಹಲಗೇನ ಆ ಲೈಟ್ ಕಂಬಕ್ಕೆ ಕಟ್ತೀನಿ.”

“ಅದು ವಿದ್ಯುತ್ ಇಲಾಖೆ ಕಂಬ. ಆಮೇಲೆ ಅಲ್ಲಿ ಕರೆಂಟ್ ನಿಲ್ಲತ್ತೋ ಬಸ್ ನಿಲ್ಲತ್ತೋ ಯಾರಿಗ್ಗೊತ್ತು?”

ಒಳಗಿನಿಂದ ಮೇಷ್ಟ್ರು ಕೂಗಿದರು: “ಹೊತ್ತಾಯ್ತಮ್ಮಾ, ಇಳೀರಿ! ಹೋರಾಟದಲ್ಲಿ ತ್ಯಾಗ ಇರಬೇಕು!” ಬಸ್ಸು ಹೊರಟಿತು. ಮೇಷ್ಟ್ರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು.

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಅಕ್ಕ ಕುಂಟುತ್ತಾ ಸಾರಿಗೆ ಕಚೇರಿಗೆ ಹೋದರು. ಸಾಹೇಬರು ಕಡತ ತೆರೆದರು.

“ನಿಲ್ದಾಣ ಇಲ್ಲ ಅಂತ ದೂರು ಕೊಟ್ಟಿದ್ದೀರಿ. ನಿನ್ನೆ ತಪಾಸಣೆ ಆಗಿದೆ. ನಿಲ್ದಾಣ ಇದೆ. ಸುಸ್ಥಿತಿಯಲ್ಲಿದೆ.”

“ಅದು ನಾನೇ ಸಾರ್.”

ಸಾಹೇಬರು ಕನ್ನಡಕ ತೆಗೆದರು. “ಹಾಗಾದ್ರೆ ಈಗ ಅಲ್ಲಿ ಏನಿದೆ?”

“ಏನೂ ಇಲ್ಲ.”

“ಅಂದ್ರೆ ಇಲಾಖೆಯ ನಿಲ್ದಾಣವನ್ನು ಪೂರ್ವಾನುಮತಿ ಇಲ್ಲದೆ ಸ್ಥಳಾಂತರ ಮಾಡಿದ್ದೀರಿ! ಯಾರಲ್ಲಿ, ಜೀಪ್ ತೆಗೀರಿ!”

ಜೀಪಿನಲ್ಲಿ ಅಕ್ಕ ಕೂರಲು ಹೋದಾಗ ಸಿಬ್ಬಂದಿ ತಡೆದರು. ಕಂಬವನ್ನು ಮಡಚಿ ಸಾಗಿಸುವಂತಿಲ್ಲ; ನಿಲ್ಲಿಸಿಯೇ ಮೂಲೆಗೆ ವಾಪಸು ಒಯ್ದರು.

ಸಂಜೆ ಪ್ರಕಟಣೆ ಹೊರಬಿತ್ತು: “ಸದರಿ ನಿಲ್ದಾಣವು ಇಲಾಖೆಯ ಆಸ್ತಿಯಾಗಿದ್ದು, ಅದಕ್ಕೆ ಒರಗುವುದು, ಭಿತ್ತಿಪತ್ರ ಅಂಟಿಸುವುದು, ಅದರೊಂದಿಗೆ ಚೌಕಾಸಿ ಮಾಡುವುದು ನಿಷಿದ್ಧ. ನಿಲ್ದಾಣವು ಊಟಕ್ಕೆ ಹೋದ ಅವಧಿಯಲ್ಲಿ ಬಸ್ಸುಗಳೂ ಊಟಕ್ಕೆ ಹೋಗತಕ್ಕದ್ದು.”

“ಹೋರಾಟ ಸಾಕು, ನಡೆದೇ ಹೋಗ್ತೀನಿ,” ಎಂದು ಅಕ್ಕ ಮನೆಯ ಬಾಗಿಲಲ್ಲಿ ಘೋಷಿಸಿದರು. ಸುದ್ದಿ ಬೀದಿಯಲ್ಲಿ ಹಬ್ಬಿತು. ಬೆಳಗಾಗುವಷ್ಟರಲ್ಲಿ ಬೀದಿಯವರೆಲ್ಲ ಅಂಗಳದಲ್ಲಿದ್ದರು. ಅಕ್ಕ ಹೊಲಿದುಕೊಟ್ಟ ಕಪ್ಪು ಪಟ್ಟಿ ಎಲ್ಲರ ತೋಳಿನಲ್ಲೂ ಇತ್ತು. ಬಿಗಿಯಾಯಿತೆಂದ ಹೆಂಗಸರದ್ದು ಈಗ ಸರಿಯಾಗಿ ಕೂತಿತ್ತು.

“ನಿಲ್ದಾಣ ತೆರವು ನಿಲ್ಲಿಸಿ!” ಎಂದು ಕೂಗಿದರು ಮೇಷ್ಟ್ರು.

“ಮೇಷ್ಟ್ರೇ, ನನ್ನ ಮಂಡಿ—”

“ವೈಯಕ್ತಿಕ ವಿಷಯ ಚಳವಳಿಗೆ ತರಬಾರದಮ್ಮ.”

ಯಾರೋ ಮನವಿಪತ್ರ ಚಾಚಿದರು. ಕೈಗೆ ರೂಢಿಯಾಗಿತ್ತು, ಅಕ್ಕನೂ ಓದದೆ ಸಹಿ ಹಾಕಿದರು.

ಜನಾಭಿಪ್ರಾಯಕ್ಕೆ ಮಣಿದು ಇಲಾಖೆ ನಿಲ್ದಾಣವನ್ನು ಕಾಯಂ ಮಾಡಿತು. ಪ್ರಯಾಣಿಕರಿಗೆ ಚಾವಣಿ ಬಂತು. ಕಂಬ ದೂರಕ್ಕೆ ಕಾಣಬೇಕಾದ್ದರಿಂದ ಅದು ಬಿಸಿಲಲ್ಲೇ ಉಳಿಯಿತು. ಹೊಲಿಗೆ ಮಿಷನ್ ಮೂಲೆಗೇ ಬಂತು; ಗಿರಾಕಿಗಳು ಬಸ್ಸಿನಲ್ಲಿ ಬರತೊಡಗಿದರು. ಕೂತು ಹೊಲಿದರೆ ನಿಲ್ದಾಣ ಕುಸಿದಿದೆ ಎಂದು ದೂರು ಹೋಗುತ್ತಿತ್ತು. ಆದ್ದರಿಂದ ಅಕ್ಕ ಒಂದು ಕೈಯಲ್ಲಿ ಹಲಗೆ ಹಿಡಿದು, ನಿಂತೇ ಗುಂಡಿ ಹಚ್ಚುವುದನ್ನು ಕಲಿತರು. ಮಂಡಿಯಿಂದಾಗಿ ನಿಲ್ದಾಣ ಬಲಕ್ಕೆ ವಾಲಿದಾಗ ಎಂಜಿನಿಯರು ಬಂದು, ನೋಡಿ, ಬಲಗಾಲಿನ ಕೆಳಗೆ ಒಂದು ಇಟ್ಟಿಗೆ ಇಡಿಸಿದರು.

ಆಮೇಲೆ ಒಂದು ದಿನ ಗಂಡ ಹಳದಿ, ಕಪ್ಪು ಡಬ್ಬಿಗಳ ಜೊತೆ ಬಂದರು.

“ಏನ್ರೀ ಇದು?”

“ಟೆಂಡರ್ ನಂಗೇ ಆಗಿದೆ ಕಣೇ. ಮಂಡಿವರೆಗೆ ಪಟ್ಟೆ ಪಟ್ಟೆ. ಅಲ್ಲಾಡಬೇಡ.”

“ಕಟ್ಟಿಕೊಂಡ ಹೆಂಡ್ತಿಗೇ?”

“ಎರಡು ಕೋಟ್ ಬಳೀತೀನಿ. ಬೇರೆಯವರಾಗಿದ್ರೆ ಒಂದೇ.”

ಅಕ್ಕನಿಗೆ ಇದು ನ್ಯಾಯವೆನ್ನಿಸಿತು. ಅವರು ಸೀರೆಯನ್ನು ಸ್ವಲ್ಪ ಮೇಲೆತ್ತಿ ನಿಂತರು. ಬಸ್ಸು ಬಂತು, ನಿಂತಿತು, ಜನ ಹತ್ತಿದರು. ಕಿಟಕಿಯಿಂದ ಮೇಷ್ಟ್ರು ಬಣ್ಣ ಚೆನ್ನಾಗಿದೆ ಎಂದರು.

ಬಣ್ಣ ಒಣಗುತ್ತಿರುವಾಗ ಬೀದಿನಾಯಿಯೊಂದು ಬಂತು. ಅಕ್ಕನ ಸುತ್ತ ಒಂದು ಸುತ್ತು ಹಾಕಿ ಮೂಸಿತು. ಅಕ್ಕನ ಕೈಯ ರೊಟ್ಟಿ ತಿಂದೇ ಬೆಳೆದ ನಾಯಿ. ಸ್ವಲ್ಪ ಹೊತ್ತು ಯೋಚಿಸಿತು.

“ನೀನೂನಾ?” ಎಂದರು ಅಕ್ಕ.

ಊರೇ ಒಪ್ಪಿದ ಮೇಲೆ ಅದೊಂದೇ ಯಾಕೆ ತಕರಾರು ಮಾಡೀತು? ನಾಯಿ ಹಿಂಗಾಲೆತ್ತಿತು.